ತಲಕಾಡು: ಮೆಟ್ಟಿಲಿಳಿದು ನೋಡುವ ಮರುಭೂಮಿ

ದುಬೈಯಿಂದ ರಜಕ್ಕೆ ಬಂದಿದ್ದ ಚಿಕ್ಕಮ್ಮನ ಮಗ ಮೊಬೈಲಿನಲ್ಲಿ ಮರುಭೂಮಿ ಸಫಾರಿಯ ವಿಡಿಯೊ ತೋರಿಸುತ್ತಿದ್ದ. ಬಿಳಿ ಲ್ಯಾಂಡ್ ಕ್ರೂಸರ್ ಮರಳುದಿಬ್ಬದ ನೆತ್ತಿಗೆ ಏರಿ ಆಚೆ ಬದಿಗೆ ಜಾರುತ್ತದೆ. ಒಳಗಿದ್ದವರು ಜಾತ್ರೆಯ ರಾಟೆ ತೊಟ್ಟಿಲಲ್ಲಿ ಕೂತವರ ಹಾಗೆ ಕಿರುಚುತ್ತಾರೆ. ಆಮೇಲೆ ಒಂಟೆ ಸವಾರಿ, ಕೈಗೆ ಗೋರಂಟಿ, ಕೆಂಡದ ಮೇಲೆ ಸುಟ್ಟ ಮಾಂಸ, ಬಣ್ಣದ ಲಂಗ ತೊಟ್ಟು ಗಿರಗಿರನೆ ಸುತ್ತುವ ಕುಣಿತ. ಮರಳಿಗೆ ಇಳಿಯುವ ಮುಂಚೆ ಡ್ರೈವರ್ ನಾಲ್ಕೂ ಟೈರಿನ ಗಾಳಿ ಅರ್ಧದಷ್ಟು ಬಿಡುತ್ತಾನೆ, ಟೈರು ಅಗಲವಾದರೆ ಹೂತುಕೊಳ್ಳುವುದಿಲ್ಲ ಎಂದು ತಮ್ಮ ವಿವರಿಸಿದ. ನಂಜನಗೂಡಿನ ಮನೆಯ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಚಿಕ್ಕಮ್ಮ ಎಲ್ಲವನ್ನೂ ನೋಡಿ, "ಅಷ್ಟು ದೂರ ಹೋಗಿ ದುಡ್ಡು ಕೊಟ್ಟು ಮರಳು ತುಳ್ಕೊಂಡು ಬಂದ್ಯೇನಪ್ಪಾ? ನಮ್ಮ ತಲಕಾಡಲ್ಲಿ ಇರೋದೇನು ಮತ್ತೆ, ಅವಲಕ್ಕಿಯಾ?" ಅಂದರು.

ಆ ಮಾತಿಗೆ ಕಟ್ಟುಬಿದ್ದು ಆಷಾಢದ ಒಂದು ಭಾನುವಾರ ಮೂವರೂ ಹೊರಟೆವು. ನಂಜನಗೂಡಿನಿಂದ ಸುತ್ತೂರಿನ ಕಡೆಯಿಂದ ತಿರುಮಕೂಡಲು ನರಸೀಪುರಕ್ಕೆ ಬಂದರೆ ದಾರಿಯುದ್ದಕ್ಕೂ ಹಸಿರು: ಬಾಳೆ, ಕಬ್ಬು, ಗದ್ದೆ, ಕಾಲುವೆ. ಮರುಭೂಮಿಗೆ ಹೋಗುತ್ತಿದ್ದೇವೆಂದು ಯಾರಾದರೂ ಕೇಳಿದ್ದರೆ ನಗುತ್ತಿದ್ದರು. ನರಸೀಪುರದಲ್ಲಿ ಕಪಿಲೆ ಬಂದು ಕಾವೇರಿಯನ್ನು ಕೂಡುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಲೆಕ್ಕಕ್ಕೆ ಹಿಡಿದು ಇದಕ್ಕೆ ತ್ರಿವೇಣಿ ಸಂಗಮ ಎನ್ನುತ್ತಾರೆ; 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ. ಕಬಿನಿಯಿಂದ ನೀರು ಬಿಟ್ಟಿದ್ದರಿಂದ ಹೊಳೆ ಅವತ್ತು ಕೆಂಪಗೆ, ತುಂಬಿಕೊಂಡು ಹೋಗುತ್ತಿತ್ತು. ಚಿಕ್ಕಮ್ಮ ಕಾರಿನಿಂದಲೇ ಕೈಮುಗಿದರು.

ತಲಕಾಡಿಗೆ ಸ್ವಲ್ಪ ಮೊದಲೇ ಸಿಗುವ ಮುಡುಕುತೊರೆಯಲ್ಲಿ ಇಳಿಯದೆ ಹೋಗಬಾರದು. ಮಾಘದ ದನಗಳ ಜಾತ್ರೆಗೆ ಹೆಸರಾದ ಊರು. ಗುಡ್ಡದ ಮೇಲೆ ಮಲ್ಲಿಕಾರ್ಜುನ, ತಲಕಾಡಿನ ಪಂಚಲಿಂಗಗಳಲ್ಲಿ ಒಬ್ಬ. ಮುಡುಕು ಅಂದರೆ ಕೊಂಕು, ತಿರುವು. ತೊರೆ ಮುಡುಕಿಕೊಳ್ಳುವ ಜಾಗ ಮುಡುಕುತೊರೆ. ಗುಡ್ಡದ ಮೇಲೆ ನಿಂತರೆ ಕಾವೇರಿ ಕುಡುಗೋಲಿನಂತೆ ಬಾಗಿರುವುದು ಕಾಣುತ್ತದೆ. ತಲಕಾಡಿನ ಮರಳಿನ ಕಥೆಯನ್ನು ಯಾರು ಹೇಗೆ ಹೇಳಿದರೂ ಅದು ಈ ತಿರುವಿನಲ್ಲೇ ಶುರುವಾಗಬೇಕು, ಮತ್ತು ಊರಿಗೆ ಹೆಸರಿಟ್ಟವರಿಗೆ ಅದು ಗೊತ್ತಿತ್ತು ಎಂದು ನನಗನ್ನಿಸುತ್ತದೆ.

ತಲಕಾಡಿನಲ್ಲಿ ವೈದ್ಯೇಶ್ವರನ ಗುಡಿಯ ಮುಂದೆಯೇ ಗೈಡ್ ಒಬ್ಬರು ಸಿಕ್ಕರು. ಐವತ್ತು ದಾಟಿದವರು, ಪಂಚೆ ಎತ್ತಿ ಕಟ್ಟಿದ್ದರು. "ಚಪ್ಪಲಿ ಇಲ್ಲೇ ಬಿಡಿ ಸಾರ್. ಮಧ್ಯಾಹ್ನ ಆದ್ರೆ ಕಡಲೆಕಾಯಿ ಹುರಿಯೋ ಮರಳಾಗ್ತದೆ, ಈಗ್ಲೇ ಹೋಗ್ಬರಣ." ಎರಡು ಗಂಟೆಯ ಸುತ್ತು ಅದು. ವೈದ್ಯೇಶ್ವರನಿಂದ ಹೊರಟು ಪಾತಾಳೇಶ್ವರ, ಮರಳೇಶ್ವರ, ಕೀರ್ತಿನಾರಾಯಣ ನೋಡಿಕೊಂಡು ವಾಪಸ್ಸು. ಪಂಚಲಿಂಗಗಳಲ್ಲಿ ಉಳಿದವನು ಅರ್ಕೇಶ್ವರ, ಅವನಿರುವುದು ದೂರದಲ್ಲಿ, ವಿಜಯಾಪುರದಲ್ಲಿ.

ವೈದ್ಯೇಶ್ವರನ ಬಾಗಿಲ ಎತ್ತರದ ದ್ವಾರಪಾಲಕರನ್ನು ನೋಡಿ ಹೊರಬಂದರೆ ತಲ ಮತ್ತು ಕಾಡ ಎಂಬ ಇಬ್ಬರು ಬೇಡರ ಕಥೆ. ಆನೆಗಳು ಒಂದು ಮರವನ್ನು ಪೂಜಿಸುವುದನ್ನು ಕಂಡು ಕುತೂಹಲಕ್ಕೆ ಕೊಡಲಿ ಹಾಕಿದರಂತೆ; ಮರದಿಂದ ರಕ್ತ ಸುರಿಯಿತಂತೆ; ಅದೇ ಮರದ ಎಲೆ, ಕಾಯಿಯಿಂದ ಗಾಯಕ್ಕೆ ಔಷಧ ಮಾಡಿ ಎಂದು ಅಶರೀರವಾಣಿಯಾಯಿತಂತೆ. ತನಗೆ ತಾನೇ ಮದ್ದು ಹೇಳಿಕೊಂಡ ಶಿವ, ಅದಕ್ಕೆ ವೈದ್ಯ. ಊರಿನ ಹೆಸರಿಗೆ ಇದೇ ಮೂಲ ಎನ್ನುವುದು ಸ್ಥಳಪುರಾಣ. ಶಾಸನಗಳಲ್ಲಿ ಈ ಊರು ತಲವನಪುರ. ಕೋಲಾರದಿಂದ ಇಲ್ಲಿಗೆ ರಾಜಧಾನಿ ತಂದ ಗಂಗರು, 11ನೆಯ ಶತಮಾನದ ಆರಂಭದಲ್ಲಿ ಊರನ್ನು ಗೆದ್ದು ರಾಜರಾಜಪುರ ಎಂದು ಕರೆದ ಚೋಳರು, ಅವರನ್ನು ಓಡಿಸಿ 'ತಲಕಾಡುಗೊಂಡ' ಎಂಬ ಬಿರುದು ಹೊತ್ತ ಹೊಯ್ಸಳ ವಿಷ್ಣುವರ್ಧನ, ಆಮೇಲೆ ವಿಜಯನಗರ, ಮೈಸೂರು. ಇಷ್ಟೊಂದು ಜನ ಹೊಡೆದಾಡಿದ್ದು ಯಾವುದಕ್ಕೆ ಎಂದು ಇವತ್ತು ನೋಡಿದರೆ ಮರಳು, ನಡುವೆ ನೀಲಗಿರಿ ಮತ್ತು ಗಾಳಿಮರ.

ಮರಳಿಗೆ ಕಾಲಿಟ್ಟೆವು. ಪಾದ ಒಂದು ಗೇಣು ಒಳಕ್ಕೆ ಹೋಗುತ್ತದೆ. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆಯ ದಾರಿ ಸಾಗುತ್ತದೆ. ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಮ್ಮಿಬ್ಬರಿಗಿಂತ ಮುಂದೆ ನಡೆದರು. ಮರಳಲ್ಲಿ ಹಿಮ್ಮಡಿ ಊರಬಾರದು, ಬೆರಳು ಊರಬೇಕು. ಸಣ್ಣವರಿದ್ದಾಗ ಹೊಳೆಯಿಂದ ನೀರು ಹೊತ್ತವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಟೈರಿನ ಗಾಳಿ ಬಿಟ್ಟಂತೆಯೇ ಇದು ಎಂದು ತಮ್ಮ ಹೇಳಿದ್ದಕ್ಕೆ ಅವರು ತಿರುಗಿಯೂ ನೋಡಲಿಲ್ಲ.

ದುಬೈಯಲ್ಲಾಗಲಿ, ಜೈಸಲ್ಮೇರಿನ ಸಮ್ ದಿಬ್ಬಗಳಲ್ಲಾಗಲಿ ಪ್ರವಾಸಿ ಮರಳನ್ನು ಹತ್ತುತ್ತಾನೆ. ನೆತ್ತಿಯ ಮೇಲೆ ನಿಂತು ಸೂರ್ಯ ಮುಳುಗುವುದನ್ನು ನೋಡಿದರೆ ಕೊಟ್ಟ ದುಡ್ಡು ಬಂದ ಹಾಗೆ. ತಲಕಾಡಿನಲ್ಲಿ ಇಳಿಯಬೇಕು. ಪಾತಾಳೇಶ್ವರನ ಬಳಿ ಬಂದಾಗ ಎದುರಿಗೆ ಗುಡಿಯಿಲ್ಲ, ಗುಂಡಿಯಿದೆ. ಕಟ್ಟಿದ ಗೋಡೆಗಳು ಮರಳನ್ನು ತಡೆದು ನಿಂತಿವೆ, ನಡುವೆ ಮೆಟ್ಟಿಲು, ತಳದಲ್ಲಿ ದೇವರು. ಇಳಿಯುತ್ತ ಹೋದ ಹಾಗೆ ಗಾಳಿಯ ಸದ್ದು ನಿಲ್ಲುತ್ತದೆ, ತಂಪಾಗುತ್ತದೆ. ಗಂಗರ ಕಾಲದ ಜನ ನಡೆದಾಡಿದ ನೆಲ ಇದು. ಇಷ್ಟು ಹೊತ್ತು ನಾವು ಅವರ ತಲೆಯ ಮೇಲೆ ಓಡಾಡುತ್ತಿದ್ದೆವು. ಲಿಂಗದ ಬಣ್ಣ ಬೆಳಿಗ್ಗೆ ಕೆಂಪು, ಮಧ್ಯಾಹ್ನ ಕಪ್ಪು, ಸಂಜೆ ಬಿಳುಪು ಎಂದು ನಂಬಿಕೆ. ನಾವು ಹೋದಾಗ ದೀಪದ ಬೆಳಕಿನಲ್ಲಿ ಯಾವ ಬಣ್ಣವೋ ತಿಳಿಯಲಿಲ್ಲ. ಚಿಕ್ಕಮ್ಮನಿಗೆ ಮಾತ್ರ ಕೆಂಪಗೇ ಕಂಡಿತು.

ಮರಳೇಶ್ವರನಲ್ಲೂ ಹಾಗೆಯೇ ಮೆಟ್ಟಿಲು. ಕೆಲವರು ಮರುಳೇಶ್ವರ ಎಂದು ಬರೆಯುತ್ತಾರೆ. ಮರಳು, ಮರುಳು, ಒಂದು ಕೊಂಬಿನ ಅಂತರ. ಮರಳು ಎಂದರೆ ತಿರುಗಿ ಬಾ ಎಂದೂ ಅರ್ಥ. ಇಂಥ ಹೆಸರಿನ ದೇವರನ್ನು ಇಂಥ ಜಾಗದಲ್ಲಿ ಬಿಟ್ಟು ಇನ್ನೆಲ್ಲಿ ಕೂರಿಸಬೇಕಿತ್ತು!

ಬಿಸಿಲೇರಿ ತಗಡಿನ ನೆರಳಿನ ಕೆಳಗೆ ಕೂತಾಗ ಗೈಡ್ ಅಲಮೇಲಮ್ಮನ ಕಥೆ ತೆಗೆದರು. ಈ ಭಾಗದಲ್ಲಿ ಹುಟ್ಟಿದವರಿಗೆ ಅದು ಜೋಗುಳದ ಜೊತೆ ಬಂದದ್ದು, ಆದರೂ ಅಲ್ಲಿ ಕೂತು ಕೇಳುವುದೇ ಬೇರೆ. ವಿಜಯನಗರದ ಪ್ರತಿನಿಧಿಯಾಗಿ ಶ್ರೀರಂಗಪಟ್ಟಣವನ್ನು ಆಳುತ್ತಿದ್ದವನಿಗೆ ಬೆನ್ನಿನಲ್ಲಿ ಹುಣ್ಣಾಗಿ, ವಾಸಿಯಾಗಲೆಂದು ವೈದ್ಯೇಶ್ವರನಲ್ಲಿಗೆ ಬರುತ್ತಾನೆ. ಅತ್ತ 1610ರಲ್ಲಿ ಪಟ್ಟಣ ಮೈಸೂರಿನ ರಾಜ ಒಡೆಯರ ಕೈಸೇರುತ್ತದೆ. ಅವನ ವಿಧವೆ ಅಲಮೇಲಮ್ಮನ ಬಳಿ ಒಡವೆಗಳಿದ್ದವು. ಮಂಗಳವಾರ, ಶುಕ್ರವಾರ ಅವು ರಂಗನಾಯಕಿ ದೇವಿಯ ಅಲಂಕಾರಕ್ಕೆ ಹೋಗುತ್ತಿದ್ದವು. ಒಡವೆ ತರಲು ಒಡೆಯರು ಆಳು ಕಳಿಸುತ್ತಾರೆ. ಆಕೆ ಮುತ್ತಿನ ಮೂಗುತಿಯೊಂದನ್ನು ಕೊಟ್ಟು, ಉಳಿದದ್ದನ್ನು ಮಡಿಲಿಗೆ ಕಟ್ಟಿಕೊಂಡು, ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಮಾಲಂಗಿಯಲ್ಲಿ ಹೊಳೆಗೆ ಹಾರುತ್ತಾಳೆ. ಹಾರುವ ಮುಂಚೆ ಮೂರು ಶಾಪ: ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗಳಿಗೆ ಸಂತಾನವಿಲ್ಲ.

"ಮೂರೂ ಆಗ್ಲಿಲ್ವಾ ಸಾರ್?" ಎಂದರು ಗೈಡ್. ದತ್ತು ತೆಗೆದುಕೊಂಡ ಅರಸರ ಪಟ್ಟಿ ಅವರ ನಾಲಗೆಯ ತುದಿಯಲ್ಲಿತ್ತು. ಮೈಸೂರು ಅರಮನೆಯಲ್ಲಿ ಅಲಮೇಲಮ್ಮನ ಮೂರ್ತಿಗೆ ಇಂದಿಗೂ ಪೂಜೆ ನಡೆಯುತ್ತದೆ. 2013ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮಕ್ಕಳಿಲ್ಲದೆ ತೀರಿಕೊಂಡಾಗ ಪತ್ರಿಕೆಗಳೆಲ್ಲ ಈ ಕಥೆಯನ್ನೇ ಬರೆದವು. 2017ರ ಡಿಸೆಂಬರಿನಲ್ಲಿ ಯದುವೀರರಿಗೆ ಗಂಡುಮಗು ಹುಟ್ಟಿದಾಗ ಶಾಪ ಕಳೆಯಿತೇ ಎಂದು ಮತ್ತೆ ಬರೆದವು. ಯದುವೀರರು ದತ್ತುಪುತ್ರರಾದ್ದರಿಂದ ಈ ಲೆಕ್ಕ ಹೇಗೆ ಹಾಕಬೇಕೆಂಬುದು ಜಗಲಿಕಟ್ಟೆಗಳಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಜೈಸಲ್ಮೇರಿನಲ್ಲೂ ಒಂದು ಶಾಪವಿದೆ. ಸಫಾರಿಗೆ ಹೋಗುವ ಜೀಪುಗಳು ದಾರಿಯಲ್ಲಿ ಕುಲಧರಾ ಎಂಬ ಪಾಳುಹಳ್ಳಿಯ ಬಳಿ ನಿಲ್ಲುತ್ತವೆ. ದಿವಾನನ ಕಾಟಕ್ಕೆ ಪಾಲಿವಾಲ್ ಬ್ರಾಹ್ಮಣರು ಒಂದೇ ರಾತ್ರಿ ಊರು ಬಿಟ್ಟರು, ಇಲ್ಲಿ ಯಾರೂ ನೆಲೆಸದಿರಲಿ ಎಂದು ಶಪಿಸಿದರು ಎಂಬ ಕಥೆ ಅಲ್ಲಿನದು. ಬತ್ತಿದ ನೀರು, ತೆರಿಗೆಯ ಹೊರೆ ಎಂಬ ಕಾರಣಗಳನ್ನು ವಿದ್ವಾಂಸರು ಹೇಳುತ್ತಾರಾದರೂ ಜೀಪು ನಿಲ್ಲುವುದು ಶಾಪಕ್ಕೆ. ಬರಗಾಲ ನೋಡಲು ಯಾರು ಟಿಕೆಟ್ ತೆಗೆದುಕೊಳ್ಳುತ್ತಾರೆ?

ತಲಕಾಡಿನ ಗಾಳಿಯ ಲೆಕ್ಕ ಶಾಪದಷ್ಟು ರಂಜಕವಲ್ಲ, ಆದರೆ ನನಗೆ ಹೆಚ್ಚು ಹಿಡಿಸುತ್ತದೆ. ಊರು ಕಾವೇರಿಯ ಎಡದಂಡೆಯ ಮೇಲಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ತಿರುವಿನ ಒಳಮೈಯಲ್ಲಿ ಮರಳು ತೆರೆದುಕೊಳ್ಳುತ್ತದೆ. ಆ ಹೊತ್ತಿಗೆ ಸರಿಯಾಗಿ ನೈಋತ್ಯದಿಂದ ಮುಂಗಾರಿನ ಗಾಳಿ ಹೊಳೆಯನ್ನು ಅಡ್ಡಹಾಯ್ದು ನೇರ ಊರಿನ ಕಡೆಗೆ ಬೀಸುತ್ತದೆ. ಮರಳು ಧೂಳಿನಂತೆ ಮೇಲಕ್ಕೆ ಹಾರುವುದಿಲ್ಲ; ಕುಪ್ಪಳಿಸುತ್ತದೆ. ಒಂದು ಕಣ ನೆಗೆದು ಬಿದ್ದ ರಭಸಕ್ಕೆ ಇನ್ನೊಂದು ನೆಗೆಯುತ್ತದೆ, ಅದು ಮತ್ತೊಂದನ್ನು ಎಬ್ಬಿಸುತ್ತದೆ. ಲಿಬಿಯಾದ ಮರುಭೂಮಿಯಲ್ಲಿ ಫೋರ್ಡ್ ಕಾರು ಓಡಿಸಿಕೊಂಡು ಅಲೆದ ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್ ಈ ನೆಗೆತದ ಲೆಕ್ಕವನ್ನು 1941ರ ತನ್ನ ಪುಸ್ತಕದಲ್ಲಿ ಬಿಡಿಸಿಟ್ಟ. ಮರಳಲ್ಲಿ ಟೈರಿನ ಗಾಳಿ ಇಳಿಸುವ ಉಪಾಯವನ್ನು ಬಳಕೆಗೆ ತಂದವರಲ್ಲೂ ಅವನೊಬ್ಬ. ತಮ್ಮನ ದುಬೈ ಡ್ರೈವರಿಗೂ ತಲಕಾಡಿನ ಮರಳಿಗೂ ನಂಟು ಸಿಕ್ಕಿದ್ದು ಹೀಗೆ. ನಾನು ಮಂಡಿಯೂರಿ ಬಗ್ಗಿ ನೋಡಿದೆ. ನೆಲದಿಂದ ಒಂದೆರಡು ಗೇಣಿನ ಎತ್ತರದಲ್ಲಿ ಮರಳು ಸಣ್ಣಗೆ ಕುಣಿಯುತ್ತ ಮುಂದೆ ಮುಂದೆ ಹೋಗುತ್ತಿತ್ತು, ಮೊಣಕೈಗೆ ಚುರುಚುರು.

ಬಿ.ಎಲ್. ರೈಸ್ ಕಾಲದ ಗೆಜೆಟಿಯರಿನಲ್ಲಿ ಈ ಕುಣಿತದ ವೇಗವೂ ಇದೆ: ವರ್ಷಕ್ಕೆ 9ರಿಂದ 10 ಅಡಿ. ಸುಮಾರು ಒಂದು ಮೈಲಿ ಉದ್ದದ ಮರಳಗುಡ್ಡ ಮೂರು ಕಡೆಯಿಂದ ಒತ್ತುತ್ತ ಬಂದಂತೆ ಜನ ಮನೆ ಬಿಟ್ಟು ಹಿಂದೆ ಸರಿದರು; 30ಕ್ಕೂ ಹೆಚ್ಚು ಗುಡಿಗಳು ಒಳಗಿವೆ ಎಂಬ ಮಾತನ್ನೂ ಅದು ದಾಖಲಿಸಿದೆ. ಅದನ್ನು ಓದಿದಾಗಿನಿಂದ ನನ್ನನ್ನು ಕಾಡುವುದು ರಾಣಿಯಲ್ಲ, ಹೆಸರಿಲ್ಲದ ಗೃಹಿಣಿಯೊಬ್ಬಳು. ಪ್ರತಿ ಆಷಾಢದಲ್ಲೂ ಹಿತ್ತಿಲ ಬಾಗಿಲಿಗೆ ಬಂದ ಮರಳನ್ನು ಮೊರದಲ್ಲಿ ಎತ್ತಿ ಚೆಲ್ಲಿ, ಮುಂದಿನ ಆಷಾಢಕ್ಕೆ ಬುಟ್ಟಿಯಲ್ಲಿ ಎತ್ತಿ, ಅದರ ಮುಂದಿನ ವರ್ಷ ಗಂಡನಿಗೆ "ಇನ್ನು ಆಗಲ್ಲ, ನಡೀರಿ" ಎಂದವಳು.

ಗಾಳಿ ಮೊದಲೂ ಇತ್ತು, ಹೊಳೆಯೂ ಇತ್ತು. ಗಂಗರು ನೂರಾರು ವರ್ಷ ಇಲ್ಲೇ ಆಳಿದರು. ಹಾಗಾದರೆ ಮರಳು ಆಮೇಲೆ ಬಂದದ್ದೇಕೆ? ಕೃಷಿ ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯ ಇದನ್ನು ಬೆನ್ನುಹತ್ತಿದವರು. ವಿಜಯನಗರದ ಕಾಲದಲ್ಲಿ, 14ನೆಯ ಶತಮಾನದಲ್ಲಿ, ತಲಕಾಡಿಗೆ ಮೇಲ್ಭಾಗದಲ್ಲಿ ಮಾಧವಮಂತ್ರಿ ಕಾವೇರಿಗೆ ಕಟ್ಟೆ ಕಟ್ಟಿಸಿದ. ಆ ಹೆಸರಿನ ಅಣೆಕಟ್ಟು ಹೆಮ್ಮಿಗೆ ಬಳಿ ಈಗಲೂ ಇದೆ, ನಾಲೆಯಲ್ಲಿ ನೀರು ಹರಿಯುತ್ತದೆ. ಕಟ್ಟೆಯಿಂದ ಹರಿವು ತಗ್ಗಿ, ಕೆಳಗಿನ ಪಾತ್ರದಲ್ಲಿ ಮರಳು ಬಯಲಾಗಿ, ಗಾಳಿಗೆ ಸರಕು ಸಿಕ್ಕಿತು ಎನ್ನುವುದು ಅವರ ವಾದ. ಹಾಗಾದರೆ ಆ ನಾಲೆಯ ಗದ್ದೆಗಳ ಹಸಿರಿಗೂ ಈ ಮರಳಿಗೂ ತಾಯಿ ಒಬ್ಬಳೇ. ಇದನ್ನು ಗೈಡ್‌ಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಇರ್ಬೋದು ಸಾರ್. ಕಟ್ಟೆ ಕಟ್ಟಿದ್ದು ಮಂತ್ರಿ, ಶಾಪ ಹಾಕಿದ್ದು ಹೆಂಗಸು. ಜನ ಹೆಂಗಸಿನ ಹೆಸ್ರೇ ಹೇಳ್ತಾರೆ ನೋಡಿ" ಎಂದರು. ಚಿಕ್ಕಮ್ಮ ಅವತ್ತು ಮೊದಲ ಬಾರಿಗೆ ಅವರ ಮುಖವನ್ನು ಸರಿಯಾಗಿ ನೋಡಿದರು.

ಕೀರ್ತಿನಾರಾಯಣನನ್ನು ಕೊನೆಗೆ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಚೋಳರ ಮೇಲಿನ ಗೆಲುವಿಗಾಗಿ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು. ಪಂಚನಾರಾಯಣ ಕ್ಷೇತ್ರಗಳಲ್ಲಿ ಒಂದು. ಹೊಯ್ಸಳರದ್ದೆಂದರೆ ಬೇಲೂರಿನ ಕುಸುರಿ ನೆನೆಸಿಕೊಂಡು ಬಂದವರಿಗೆ ಇದರ ಸರಳ ಹೊರಗೋಡೆ ನಿರಾಸೆ ತರಬಹುದು. ಒಳಗೆ ನಿಂತ ನಾರಾಯಣ ಆಳೆತ್ತರಕ್ಕಿಂತ ಎತ್ತರ. ಅಷ್ಟು ಕಾಲ ಮರಳಿನ ಹೊಟ್ಟೆಯಲ್ಲಿದ್ದು ಬಂದವನ ಮುಖದಲ್ಲಿ ಅವಸರವೇನೂ ಇಲ್ಲ.

ನೀವು ಹೋಗುವುದಾದರೆ ಬೆಳಿಗ್ಗೆ ಹೊರಡಿ. ಪಂಚಲಿಂಗ ದರ್ಶನದ ವರ್ಷವಾದರೆ ಮರಳು ಕಾಣುವುದಿಲ್ಲ, ತಲೆಗಳು ಮಾತ್ರ. ಕಾರ್ತಿಕ ಸೋಮವಾರಕ್ಕೆ ವಿಶೇಷ ಯೋಗ ಕೂಡಿಬಂದಾಗ ನಡೆಯುವ ಇದು 2009, 2013ರ ನಂತರ 2020ರಲ್ಲಿ, ಕೋವಿಡ್ ನಡುವೆ, ನಡೆಯಿತು. ಹೊಳೆ ಶಾಂತವಾಗಿ ಕಂಡರೂ ಈಜು ಬಂದರೂ ಆಳಕ್ಕೆ ಇಳಿಯಬೇಡಿ. ಮಾಲಂಗಿ ಮಡು ಬರೀ ಕಥೆಯಲ್ಲ, ಬೇಸಿಗೆ ರಜೆಯಲ್ಲಿ ನೀರುಪಾಲಾದವರ ಸುದ್ದಿ ಈ ದಡದಿಂದ ಬರುತ್ತಲೇ ಇರುತ್ತದೆ.

ವಾಪಸ್ಸು ಬರುವಾಗ ಗೈಡ್ ತಮ್ಮ ಮನೆ ತೋರಿಸಿದರು. ಹಳೆಯ ಹೆಂಚಿನ ಮನೆಯ ಪಕ್ಕದಲ್ಲಿ ಹೊಸದೊಂದು ಏಳುತ್ತಿತ್ತು, ಲಿಂಟಲ್ ಮಟ್ಟಕ್ಕೆ ಬಂದಿತ್ತು. ಅಂಗಳದಲ್ಲಿ ಬೂದುಬಣ್ಣದ ಗುಡ್ಡೆ. "ಎಂ-ಸ್ಯಾಂಡ್ ಸಾರ್, ಕ್ರಷರ್‌ದು. ಲೋಡಿಗೆ ಇಷ್ಟು ಅಂತ ಕೊಟ್ಟು ತರ್ಸಿದ್ದು." ಬೆನ್ನ ಹಿಂದೆ ಗಾಳಿಮರಗಳ ಆಚೆ ಮೈಲಿಯುದ್ದದ ಮರಳು, ಅದರಲ್ಲಿ ಒಂದು ಬಾಂಡ್ಲಿಯನ್ನೂ ಮುಟ್ಟುವಂತಿಲ್ಲ. ತಮ್ಮ ನಗಲೋ ಬೇಡವೋ ಎಂದು ನನ್ನ ಮುಖ ನೋಡಿದ.

ಅಷ್ಟರಲ್ಲಿ ಗಾಳಿ ಜೋರಾಯಿತು. ಗೈಡ್ ನಮ್ಮನ್ನು ಅಲ್ಲೇ ಬಿಟ್ಟು ಓಡಿಹೋಗಿ ಗುಡ್ಡೆಯ ಮೇಲೆ ನೀಲಿ ಟಾರ್ಪಾಲು ಎಳೆದರು. ಒಂದು ಅಂಚು ಪಟಪಟ ಹೊಡೆದುಕೊಳ್ಳತೊಡಗಿತು. "ಕಲ್ಲು ಇಡಮ್ಮ, ಆ ಮೂಲೇಗೆ, ಎಲ್ಲಾ ಹಾರೋಗ್ತದೆ" ಎಂದು ಒಳಗಿದ್ದ ಮಗಳನ್ನು ಕೂಗಿದರು. ಅವಳು ಬರುವ ಮುಂಚೆ ಚಿಕ್ಕಮ್ಮನೇ ಒಂದು ಸೈಜುಗಲ್ಲು ಎತ್ತಿಕೊಂಡು ಹೋಗಿ ಮೂಲೆಯ ಮೇಲಿಟ್ಟರು.