ಬಾಗಿಲು ಸರಿಯಾಗಿ ಕೂರಬೇಕಾದರೆ

ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ದಾರಂದಕ್ಕೆ ಉಜ್ಜತೊಡಗಿದರೆ ಉಡುಪಿ ಕಡೆಯ ಮನೆಗಳಲ್ಲಿ ಆಚಾರಿಯವರಿಗೆ ಹೇಳಿಕಳುಹಿಸುತ್ತಾರೆ. ಅವರು ಅಂಚನ್ನು ಒಂದಿಷ್ಟು ಕೀಸಿದರೆ ಮುಗಿಯಿತು. ಕಾರಿನ ಬಾಗಿಲಿಗೆ ಈ ಉಪಾಯ ನಡೆಯದು. ಬಾಗಿಲನ್ನೇ ಎತ್ತಿ, ಸರಿಸಿ, ಒಳಕ್ಕೆ ಒತ್ತಿ, ಸುತ್ತಲೂ ಸಮನಾದ ಸಂದು ಬರುವಂತೆ ಕೂರಿಸಬೇಕು.

ಉಡುಪಿ ಬಳಿಯ ಉದ್ಯಾವರದಂಥ ಊರಿನಲ್ಲಿ ಕಾರಿನ ಬಾಗಿಲು ಬಿಚ್ಚುವ ಪ್ರಸಂಗ ಬರುವುದು ಹೆದ್ದಾರಿ 66ರ ಅಪಘಾತಗಳಿಂದ ಮಾತ್ರವಲ್ಲ. ಹೊಳೆ, ಕಡಲು, ಉಪ್ಪುಗಾಳಿ, ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸಿನ ಮಳೆ. ಗಾಜಿನ ಬೀಡಿಂಗ್ ದಾಟಿ ಬಾಗಿಲೊಳಗೆ ಇಳಿದ ನೀರು ಅಡಿಯ ಸಣ್ಣ ತೂತುಗಳಿಂದ ಹೊರಹೋಗಬೇಕು. ಅಲ್ಲಿ ಕೆಸರು ಕಟ್ಟಿಕೊಂಡರೆ ತಗಡಿಗೆ ಒಳಗಿನಿಂದಲೇ ತುಕ್ಕು. ಹೊರಗೆ ಪೇಂಟ್ ಗುಳ್ಳೆ ಏಳುವ ಹೊತ್ತಿಗೆ ಟಿಂಕರಿಂಗ್ ಕೆಲಸ ದೊಡ್ಡದಾಗಿರುತ್ತದೆ.

ಅರ್ಧ ಕೆಲಸ ಇರುವುದು ಬಿಚ್ಚುವ ಮೊದಲೇ. ಹಿಂಜ್ ಕೂತಿರುವ ಜಾಗದ ಸುತ್ತ ಗೆರೆ ಎಳೆದುಕೊಳ್ಳಬೇಕು. ಬೋಲ್ಟ್‌ನ ತೂತುಗಳನ್ನು ಬೇಕೆಂದೇ ತುಸು ದೊಡ್ಡದಾಗಿ ಬಿಟ್ಟಿರುತ್ತಾರೆ. ಹೊಂದಾಣಿಕೆಗೆ ಸಿಗುವುದು ಆ ಕೆಲವು ಮಿಲಿಮೀಟರ್ ಜಾಗವೇ. ಗೆರೆ ಇದ್ದರೆ ಮರಳುವ ದಾರಿ ಇದೆ. ಇಲ್ಲದಿದ್ದರೆ ಭಾರದ ಬಾಗಿಲನ್ನು ಇಬ್ಬರು ಹಿಡಿದು ದಿನವಿಡೀ ತಡಕಾಡಬೇಕು.

ಜೋಡಿಸುವಾಗ ಹಿಂದಿನಿಂದ ಮುಂದಕ್ಕೆ ಬರುವುದು ಕ್ರಮ. ಹಿಂಚಕ್ರದ ಮೇಲಿನ ತಗಡು ವೆಲ್ಡ್ ಆಗಿರುವುದರಿಂದ ಅದು ಕದಲುವುದಿಲ್ಲ. ಅದಕ್ಕೆ ಹಿಂಬಾಗಿಲು, ಹಿಂಬಾಗಿಲಿಗೆ ಮುಂಬಾಗಿಲು, ಅದಕ್ಕೆ ಫೆಂಡರ್, ಕೊನೆಗೆ ಬಾನೆಟ್. ಬಾನೆಟ್‌ನಿಂದ ಶುರು ಮಾಡಿದವರ ತಪ್ಪೆಲ್ಲ ಸರಿಯುತ್ತಾ ಬಂದು ಕೊನೆಯ ಸಂದಿನಲ್ಲಿ ರಾಶಿ ಬೀಳುತ್ತದೆ. ಕಾರು ತನ್ನ ನಾಲ್ಕು ಚಕ್ರಗಳ ಮೇಲೆಯೇ ನಿಂತಿರಬೇಕು. ಜ್ಯಾಕ್ ಕೊಟ್ಟು ಎತ್ತಿದರೆ, ಅದರಲ್ಲೂ ಬಾಗಿಲ ಕೆಳಗಿನ ಅಡಿಪಟ್ಟಿಗೆ ತುಕ್ಕು ಹಿಡಿದ ಹಳೆಯ ಕಾರಾದರೆ, ಬಾಡಿಯೇ ತುಸು ಬಾಗುತ್ತದೆ. ಆಗ ಹೊಂದಿಸಿದ ಸಂದು ಕೆಳಗಿಳಿಸಿದ ಮೇಲೆ ಉಳಿಯುವುದಿಲ್ಲ.

ಮುಖ್ಯವಾದ ಇನ್ನೊಂದು ಮಾತು ಲಾಕ್ ಬಂದು ಕಚ್ಚಿಕೊಳ್ಳುವ ಸ್ಟ್ರೈಕರ್‌ನದು. ಮೊದಲು ಅದನ್ನು ಕಳಚಿಟ್ಟು, ಬಾಗಿಲು ಬರೀ ಹಿಂಜ್ ಮೇಲೆ ಎಲ್ಲಿ ನಿಲ್ಲುತ್ತದೆಂದು ನೋಡಬೇಕು. ಜೋತುಬಿದ್ದ ಬಾಗಿಲನ್ನು ಸ್ಟ್ರೈಕರ್‌ನಿಂದ ಎತ್ತಿ ನಿಲ್ಲಿಸುವುದು ಸುಲಭ, ಆದರೆ ಅದು ಮೋಸದ ಕೆಲಸ: ಪ್ರತಿ ಸಲ ಮುಚ್ಚಿದಾಗಲೂ ಲಾಕ್ ಸವೆಯುತ್ತದೆ. ತೆರೆದ ಬಾಗಿಲಿನ ತುದಿ ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಹಿಂಜ್‌ನಲ್ಲೇ ಆಟ ಕಂಡರೆ ಪಿನ್ ಮತ್ತು ಬುಷ್, ಇಲ್ಲವೇ ಹಿಂಜನ್ನೇ ಬದಲಿಸದೆ ಬೇರೆ ದಾರಿಯಿಲ್ಲ.

ಅಂಬಾಸಿಡರ್ ಕಾಲದಿಂದ ಕೆಲಸ ಮಾಡಿದವರಿಗೆ ಅಳತೆಪಟ್ಟಿಗಿಂತ ಬೆರಳಿನ ಮೇಲೆ ನಂಬಿಕೆ. ಸಂದಿನ ಮೇಲೆ ಅಡ್ಡಲಾಗಿ ಬೆರಳಾಡಿಸಿದರೆ ಅರ್ಧ ಮಿಲಿಮೀಟರ್ ಏರುಪೇರೂ ತಿಳಿಯುತ್ತದೆ. ಬಾಗಿಲಿನ ಮುಂದಿನ ಅಂಚು ಫೆಂಡರ್‌ಗಿಂತ ಕೂದಲೆಳೆಯಷ್ಟು ಒಳಗಿದ್ದರೆ ಒಳ್ಳೆಯದು, ಹೊರಗಿದ್ದರೆ ಓಟದಲ್ಲಿ ಗಾಳಿ ಸಿಳ್ಳೆ ಹಾಕುತ್ತದೆ. ರಬ್ಬರ್ ಬೀಡಿಂಗ್ ನೋಡಲು ಒಂದು ಕಾಗದದ ಚೂರು ಸಾಕು. ಅದನ್ನು ಇಟ್ಟು ಬಾಗಿಲು ಮುಚ್ಚಿ ಎಳೆದಾಗ ಸುತ್ತಲೂ ಒಂದೇ ಬಿಗಿ ಇರಬೇಕು.

ಹಳೆಯ ಕಾರು ಕೊಳ್ಳುವವರು ಹಿಂಜ್‌ನ ಬೋಲ್ಟ್ ತಲೆಗಳನ್ನು ಬಗ್ಗಿ ನೋಡುವುದು ಇಂಥ ಕೆಲಸ ನಡೆದಿದೆಯೇ ಎಂದು ತಿಳಿಯಲು. ಅಲ್ಲಿ ಪೇಂಟ್ ಎದ್ದಿದ್ದರೆ ಆ ಬಾಗಿಲು ಒಮ್ಮೆ ಕೆಳಗಿಳಿದಿರಬಹುದು.