ವಿದೇಶದ ಪತಿ-ಪತ್ನಿ ವೀಸಾ: ಮದುವೆ ನಿಜವೆಂದು ತೋರಿಸುವುದು ಹೇಗೆ?

ಹಂದನಕೆರೆಯ ತೋಟದ ಮನೆಯಲ್ಲಿ ಧಾರೆ ಎರೆದು ಮದುವೆ ಮಾಡಿ, ಮೂರು ವಾರದಲ್ಲಿ ಅಳಿಯ ಟೊರಾಂಟೊಗೆ ಹೊರಟುಹೋಗುತ್ತಾನೆ. ಮಗಳು ಇಲ್ಲೇ ಉಳಿಯುತ್ತಾಳೆ. ಆಮೇಲೆ ಶುರುವಾಗುವುದು ಕಾಗದದ ಕೆಲಸ. ಊರಿನ ಐನೂರು ಜನ ಕಣ್ಣಾರೆ ಕಂಡ ಮದುವೆಯನ್ನು, ಆ ಊರಿನ ಹೆಸರನ್ನೂ ಕೇಳದ ಅಧಿಕಾರಿಯೊಬ್ಬರು ಫೈಲು ನೋಡಿ ನಂಬಬೇಕು. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಕಡೆಯ ಮನೆಗಳಿಗಾಗಲಿ, ರಾಜ್ಯದ ಬೇರೆಡೆಯ ಜೈನ ಕುಟುಂಬಗಳಿಗಾಗಲಿ ಇದು ಈಗ ಹೊಸ ವಿಷಯವಲ್ಲ. ಆದರೂ ಪ್ರತಿ ಮನೆಯಲ್ಲೂ ಅದೇ ಗೊಂದಲಗಳು ಮರುಕಳಿಸುತ್ತವೆ.

ಇಲ್ಲಿ ಪ್ರಶ್ನೆ ಒಂದಲ್ಲ, ಎರಡು. ಮೊದಲನೆಯದು, ಮದುವೆ ನಡೆದ ದೇಶದ ಕಾನೂನಿನಂತೆ ಅದು ಮದುವೆಯೇ ಎಂಬುದು. ಎರಡನೆಯದು, ಅದು ಸಂಸಾರ ಮಾಡಲು ಆದ ಮದುವೆಯೋ, ವೀಸಾಕ್ಕಾಗಿ ಆದದ್ದೋ ಎಂಬುದು. ನೋಂದಣಿ ಪತ್ರ ಮೊದಲನೆಯದಕ್ಕೆ ಮಾತ್ರ ಉತ್ತರ. ಅದೊಂದಿದ್ದರೆ ಸಾಕು ಎಂದುಕೊಂಡವರ ಅರ್ಜಿಗಳೇ ಹೆಚ್ಚಾಗಿ ಸಿಕ್ಕಿಬೀಳುತ್ತವೆ.

ಮೊದಲು ಕಾನೂನಿನ ಮಾತು. ಜೈನರ ಮದುವೆಗೆ ಅನ್ವಯವಾಗುವುದು 1955ರ ಹಿಂದೂ ವಿವಾಹ ಕಾಯ್ದೆ. ಅದರ 2ನೇ ಕಲಮಿನಲ್ಲಿ ಬೌದ್ಧ, ಜೈನ, ಸಿಖ್ಖರ ಹೆಸರು ಸ್ಪಷ್ಟವಾಗಿಯೇ ಇದೆ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ಸಿಕ್ಕ ಮೇಲೆ ಈ ಕಾಯ್ದೆ ನಮ್ಮವರಿಗೆ ಇನ್ನು ಇಲ್ಲ ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತಿತ್ತು. 2025ರ ಫೆಬ್ರವರಿಯಲ್ಲಿ ಇಂದೋರಿನ ಕೌಟುಂಬಿಕ ನ್ಯಾಯಾಲಯ ಹಾಗೆಯೇ ಹೇಳಿಯೂ ಬಿಟ್ಟಿತು. ಮರುತಿಂಗಳೇ ಮಧ್ಯಪ್ರದೇಶ ಹೈಕೋರ್ಟಿನ ಇಂದೋರ್ ಪೀಠ ಆ ಆದೇಶವನ್ನು ತಳ್ಳಿಹಾಕಿತು. ಅಲ್ಪಸಂಖ್ಯಾತ ಸ್ಥಾನ ಬೇರೆ, ವಿವಾಹ ಕಾಯ್ದೆ ಬೇರೆ. ಆದ್ದರಿಂದ ವೀಸಾ ಅರ್ಜಿಯಲ್ಲಿ ಧರ್ಮ ‘ಜೈನ’ ಎಂದೂ, ಮದುವೆ ನೋಂದಣಿ ಹಿಂದೂ ವಿವಾಹ ಕಾಯ್ದೆಯಡಿ ಎಂದೂ ಇದ್ದರೆ ಅದರಲ್ಲಿ ವಿರೋಧವೇನೂ ಇಲ್ಲ. ಅಧಿಕಾರಿ ಕೇಳಿದರೆ ಒಂದು ಸಾಲಿನಲ್ಲಿ ವಿವರಿಸಿದರಾಯಿತು.

ಇದಕ್ಕಿಂತ ದೊಡ್ಡ ಅಪಾಯ ಇರುವುದು ‘ಮೊದಲು ರಿಜಿಸ್ಟರ್, ಆಮೇಲೆ ಮದುವೆ’ ಎಂಬ ಅವಸರದಲ್ಲಿ. ನಿಶ್ಚಿತಾರ್ಥ ಆಗಿರುತ್ತದೆ, ಚಾತುರ್ಮಾಸ ಹತ್ತಿರ ಬಂದಿರುತ್ತದೆ, ಹುಡುಗನಿಗೆ ರಜೆ ಇಲ್ಲ. ‘ಈಗ ಕಾಗದ ಮಾಡಿಸಿ ವೀಸಾಕ್ಕೆ ಹಾಕೋಣ, ದೀಪಾವಳಿ ಕಳೆದ ಮೇಲೆ ಧಾರೆ’ ಎಂದು ಹಿರಿಯರೇ ಸೂಚಿಸುತ್ತಾರೆ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟೀನ್ ಜಾರ್ಜ್ ಮಸೀಹ್ ಅವರ ಪೀಠ ಇಂಥದ್ದೇ ಪ್ರಕರಣ ನೋಡಿತು. ಪೈಲಟ್‌ಗಳಾಗಿದ್ದ ಜೋಡಿಯೊಂದು 2021ರಲ್ಲಿ ಒಂದು ಸಂಸ್ಥೆಯಿಂದ ಪ್ರಮಾಣಪತ್ರ ಪಡೆದು ನೋಂದಣಿ ಮಾಡಿಸಿತ್ತು. ವಿಧಿವತ್ತಾದ ಮದುವೆ 2022ಕ್ಕೆ ನಿಗದಿಯಾಗಿತ್ತು, ಅದು ನಡೆಯಲೇ ಇಲ್ಲ. ಕಾಯ್ದೆಯ 7ನೇ ಕಲಮಿನಂತೆ ಶಾಸ್ತ್ರ ನಡೆಯದಿದ್ದರೆ 8ನೇ ಕಲಮಿನ ನೋಂದಣಿ ಪತ್ರವೊಂದೇ ಮದುವೆಯನ್ನು ಹುಟ್ಟಿಸದು ಎಂದು ಪೀಠ ಹೇಳಿತು. ಸಮಯ ಉಳಿಸಲು, ವಿದೇಶದ ವೀಸಾಕ್ಕಾಗಿ ಹೀಗೆ ಮುಂಚಿತ ನೋಂದಣಿ ಮಾಡಿಸುವ ರೂಢಿಯನ್ನು ಹೆಸರಿಸಿಯೇ ಆಕ್ಷೇಪಿಸಿತು.

7ನೇ ಕಲಮು ಕೇಳುವುದು ಇಬ್ಬರಲ್ಲಿ ಒಬ್ಬರ ಸಂಪ್ರದಾಯದಂತೆ ವಿಧಿಗಳು ನಡೆದಿರಬೇಕು ಎಂದು. ಆ ಸಂಪ್ರದಾಯದಲ್ಲಿ ಸಪ್ತಪದಿ ಇದ್ದರೆ ಏಳನೇ ಹೆಜ್ಜೆಗೆ ಮದುವೆ ಪೂರ್ಣ. ಜೈನ ಪುರೋಹಿತರು ನಡೆಸಿದ ಮದುವೆಗೆ ಇದರಿಂದ ತೊಡಕಿಲ್ಲ. ವಿಧಿ ನಡೆಯುತ್ತಿರುವ ನಾಲ್ಕಾರು ಫೋಟೊ, ನಡೆಸಿಕೊಟ್ಟವರ ಸಹಿಯ ಒಂದು ಪತ್ರ ಇಟ್ಟುಕೊಂಡಿರುವುದು ಲೇಸು. ಸಾಮಾನ್ಯವಾಗಿ ಫೋಟೊಗ್ರಾಫರ್ ಆರತಕ್ಷತೆಯ ಚಿತ್ರಗಳನ್ನು ನೂರಾರು ತೆಗೆದು, ಧಾರೆಯ ಹೊತ್ತಿಗೆ ತಿಂಡಿಗೆ ಹೋಗಿರುತ್ತಾನೆ!

ನಿಜವಾಗಿಯೂ ಕಾಯಲು ಆಗದಿದ್ದರೆ ದಾರಿ ಇದೆ, 1954ರ ವಿಶೇಷ ವಿವಾಹ ಕಾಯ್ದೆ. ಅಲ್ಲಿ ಅಧಿಕಾರಿಯ ಮುಂದೆ ಆಗುವುದೇ ಮದುವೆ. ಆದರೆ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದು ನೋಟಿಸ್ ಕೊಡಬೇಕು, ಮತ್ತೆ 30 ದಿನ ಕಾಯಬೇಕು. ಹಾಗೆ ಆದ ಮೇಲೆ ಎಲ್ಲ ಅರ್ಜಿಯಲ್ಲೂ ಆ ದಿನವೇ ಮದುವೆಯ ದಿನಾಂಕ. ಆರು ತಿಂಗಳ ನಂತರದ ಧಾರೆಯ ದಿನವನ್ನು ಒಂದು ಫಾರಂನಲ್ಲಿ, ನೋಂದಣಿ ದಿನವನ್ನು ಇನ್ನೊಂದರಲ್ಲಿ ಬರೆಯಬಾರದು.

ಎರಡನೆಯ ಪ್ರಶ್ನೆಯನ್ನು ಒಂದೊಂದು ದೇಶ ಒಂದೊಂದು ರೀತಿ ಕೇಳುತ್ತದೆ. ಅಮೆರಿಕದಲ್ಲಿ ಐ-130 ಅರ್ಜಿಯೊಂದಿಗೆ ಒಟ್ಟು ವಾಸ, ಕೂಡಿದ ಹಣಕಾಸು, ಮಕ್ಕಳ ಜನನ ಪತ್ರ, ಬಲ್ಲವರ ಪ್ರಮಾಣಪತ್ರ ಕೇಳುತ್ತಾರೆ. ಬ್ರಿಟನ್ನಿನಲ್ಲಿ ಸಂಬಂಧ ನಿಜವಾಗಿದ್ದು ಈಗಲೂ ನಡೆಯುತ್ತಿರಬೇಕು, ಇಬ್ಬರೂ ಮುಖತಃ ಭೇಟಿಯಾಗಿರಬೇಕು. ಅದರ ಜೊತೆಗೆ 2024ರ ಏಪ್ರಿಲ್ 11ರಿಂದ ಹೊಸ ಅರ್ಜಿಗಳಿಗೆ ವರ್ಷಕ್ಕೆ 29,000 ಪೌಂಡ್ ಆದಾಯದ ಮಿತಿ ಬಂದಿದೆ. ಹಿಂದೆ ಅದು 18,600 ಇತ್ತು. ಆಸ್ಟ್ರೇಲಿಯಾ ಹಣಕಾಸು, ಮನೆಯ ನಡೆವಳಿ, ಸಮಾಜದಲ್ಲಿನ ಗುರುತು, ಪರಸ್ಪರ ಬದ್ಧತೆ ಎಂಬ ನಾಲ್ಕು ಮುಖಗಳಿಂದ ಅಳೆಯುತ್ತದೆ. ಎಲ್ಲಕ್ಕಿಂತ ಬಿಗಿ ಕೆನಡಾದ ನಿಯಮ. ಅಲ್ಲಿ 2010ರ ಸೆಪ್ಟೆಂಬರ್ 30ರಿಂದ, ಮದುವೆ ನಿಜವಲ್ಲ ಎಂದಾದರೂ ಅರ್ಜಿ ಬಿತ್ತು, ಮುಖ್ಯವಾಗಿ ವಲಸೆಗಾಗಿಯೇ ಆದದ್ದು ಎಂದಾದರೂ ಬಿತ್ತು. ಎರಡರಲ್ಲಿ ಒಂದು ಸಾಕು. ಇಬ್ಬರಲ್ಲಿ ಒಬ್ಬರು ಸ್ಥಳದಲ್ಲಿಲ್ಲದೆ ವಿಡಿಯೊ ಕರೆಯಲ್ಲಿ ಆದ ಮದುವೆಯನ್ನೂ 2015ರಿಂದ ಅದು ಒಪ್ಪುವುದಿಲ್ಲ.

ಹಿರಿಯರು ಕೂಡಿಸಿದ ಮದುವೆ ಹೊರಗಿನವರ ಕಣ್ಣಿಗೆ ವಿಚಿತ್ರವಾಗಿ ಕಾಣುವುದು ಸಹಜ. ಎರಡು ಭೇಟಿ, ಒಂದು ತಿಂಗಳ ಫೋನು, ಮದುವೆ, ಅಗಲಿಕೆ. ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ‘ಮುಖ್ಯ ಉದ್ದೇಶ’ದ ನಿಯಮವಿತ್ತು. ವಲಸೆ ಉದ್ದೇಶವಲ್ಲ ಎಂಬುದನ್ನು ದಂಪತಿಗಳೇ ಸಾಬೀತು ಮಾಡಬೇಕಿತ್ತು. ದಕ್ಷಿಣ ಏಷ್ಯಾದ ಕುಟುಂಬಗಳನ್ನು ವರ್ಷಗಟ್ಟಲೆ ಕಾಡಿದ ಆ ನಿಯಮ 1997ರ ಜೂನ್‌ನಲ್ಲಿ ರದ್ದಾಯಿತು. ಕೆನಡಾದ ಫೆಡರಲ್ ಕೋರ್ಟ್ ಕೂಡ 2010ರ ಒಂದು ತೀರ್ಪಿನಲ್ಲಿ, ಹಿರಿಯರು ನಿಶ್ಚಯಿಸಿದ ಮದುವೆಯನ್ನು ಪಾಶ್ಚಾತ್ಯ ಮದುವೆಯ ಅಳತೆಗೋಲಿನಿಂದ ಅಳೆಯದಂತೆ ಎಚ್ಚರ ವಹಿಸಬೇಕೆಂದು ಹೇಳಿದೆ. ಹೀಗಿರುವಾಗ ನಮ್ಮವರು ಮಾಡುವ ದೊಡ್ಡ ತಪ್ಪೆಂದರೆ, ಅಧಿಕಾರಿ ಮೆಚ್ಚಲಿ ಎಂದು ಇಲ್ಲದ ಪ್ರೇಮಕಥೆ ಕಟ್ಟುವುದು. ಸೋದರಮಾವ ಜಾತಕ ತಂದರು, ಬಸದಿಯ ಪಂಚಕಲ್ಯಾಣದಲ್ಲಿ ಎರಡೂ ಮನೆಯವರು ಭೇಟಿಯಾದರು, ಹುಡುಗ ಹುಡುಗಿ ಇಷ್ಟು ಬಾರಿ ಮಾತಾಡಿದರು ಎಂದು ನಡೆದದ್ದನ್ನು ನಡೆದ ಕ್ರಮದಲ್ಲಿ, ದಿನಾಂಕ ಸಹಿತ ಬರೆಯುವುದೇ ಬಲವಾದ ಪುರಾವೆ. ಸಂಬಂಧ ಯಾಕೆ ಕೂಡಿತು ಎಂಬುದನ್ನೂ ಬರೆಯಬೇಕು. ಎರಡೂ ಮನೆಯ ಆಹಾರ ಪದ್ಧತಿ, ಸೂರ್ಯಾಸ್ತದೊಳಗೆ ಊಟ, ವ್ರತ ನಿಯಮಗಳ ಹೊಂದಾಣಿಕೆ ನಮ್ಮಲ್ಲಿ ನಿಜವಾದ ಕಾರಣಗಳೇ. ಅಧಿಕಾರಿಗೆ ಅದು ತಾನಾಗಿ ಹೊಳೆಯುವುದಿಲ್ಲ.

ಪುರಾವೆಗಳು ಮನೆಯಲ್ಲೇ ಇರುತ್ತವೆ, ಗಮನಿಸಿರುವುದಿಲ್ಲ ಅಷ್ಟೆ. ಮುಯ್ಯಿ ಪುಸ್ತಕ ಒಂದು ಒಳ್ಳೆಯ ಉದಾಹರಣೆ. ಯಾರು ಯಾರು ಬಂದರು, ಏನು ಕೊಟ್ಟರು ಎಂದು ಅದೇ ದಿನ ಕೈಬರಹದಲ್ಲಿ ಬರೆದ ಪುಸ್ತಕವನ್ನು ಆಮೇಲೆ ಸೃಷ್ಟಿಸುವುದು ಕಷ್ಟ. ಛತ್ರದ ರಸೀದಿ, ಅಡಿಗೆಯವರ ಬಿಲ್ಲು, ಚಿನ್ನದಂಗಡಿಯ ಚೀಟಿ ಕೂಡ ಹಾಗೆಯೇ. ಮದುವೆಯ ನಂತರದ ಕಾಲಕ್ಕೆ ಇನ್ನೂ ಹೆಚ್ಚಿನ ತೂಕ. ಗಂಡ ಕಳಿಸಿದ ಹಣದ ಬ್ಯಾಂಕ್ ದಾಖಲೆ, ವಿಮೆ ಮತ್ತು ಭವಿಷ್ಯನಿಧಿಯ ನಾಮಿನಿ ಬದಲಾವಣೆ, ಮತ್ತೆ ಬಂದು ಹೋದ ಟಿಕೆಟ್ ಮತ್ತು ಪಾಸ್‌ಪೋರ್ಟ್ ಮುದ್ರೆ, ಹಲವು ತಿಂಗಳುಗಳಿಂದ ಆಯ್ದ ಕರೆ ಹಾಗೂ ವಾಟ್ಸಾಪ್ ದಾಖಲೆ. ಸಾವಿರ ಪುಟದ ಚಾಟ್ ಸುರಿದರೆ ಯಾರೂ ಓದುವುದಿಲ್ಲ. ತಿಂಗಳಿಗೆ ಎರಡು ಮೂರು ಪುಟ ಸಾಕು.

ಕನ್ನಡದ ದಾಖಲೆಗೆ ಅನುವಾದಕರ ಸಹಿಯುಳ್ಳ ಇಂಗ್ಲಿಷ್ ಅನುವಾದ ಬೇಕು. ಜೈನ ಲಗ್ನಪತ್ರಿಕೆಯಲ್ಲಿ ವೀರ ನಿರ್ವಾಣ ಸಂವತ್ಸರ ಇರುತ್ತದೆ. 2551 ಎಂಬ ವರ್ಷ ನೋಡಿ ಅಧಿಕಾರಿ ಕಂಗಾಲಾಗದಂತೆ ಅದರ ಪಕ್ಕ ಇಂಗ್ಲಿಷ್ ದಿನಾಂಕವನ್ನು ಅನುವಾದಕರು ಸ್ಪಷ್ಟಪಡಿಸಬೇಕು. ಹೆಸರಿನದ್ದು ಬೇರೆಯೇ ತಲೆನೋವು. ಶಾಲೆಯ ದಾಖಲೆಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟಿನಲ್ಲಿ ಹೊಸದಾಗಿ ಸೇರಿದ ‘ಜೈನ್’. ಚಿಕ್ಕನಾಯಕನಹಳ್ಳಿಯ ಉಪನೋಂದಣಾಧಿಕಾರಿ ಕಚೇರಿಗೆ ಹೋಗುವ ಮೊದಲೇ, ಕಾವೇರಿ 2.0ರಲ್ಲಿ ವಿವರ ತುಂಬುವ ಮೊದಲೇ, ಪಾಸ್‌ಪೋರ್ಟಿನಲ್ಲಿರುವ ಅಕ್ಷರಗಳಂತೆಯೇ ಹೆಸರು ಬರುವಂತೆ ನೋಡಿಕೊಂಡರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ.

ತೆಂಗಿನ ಸೀಮೆಯವರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ. ‘ಜಂಟಿ ಆಸ್ತಿ ತೋರಿಸಬೇಕಂತೆ, ತೋಟದ ಒಂದು ಭಾಗ ಅಳಿಯನ ಹೆಸರಿಗೆ ಮಾಡೋಣ’ ಎಂದು ಹೊರಡುವವರಿದ್ದಾರೆ. ಅನಿವಾಸಿ ಭಾರತೀಯರಾಗಲಿ, ಒಸಿಐ ಕಾರ್ಡಿನವರಾಗಲಿ ಕೃಷಿ ಭೂಮಿ, ತೋಟ, ತೋಟದ ಮನೆಯನ್ನು ಕ್ರಯಕ್ಕೂ ದಾನವಾಗಿಯೂ ಪಡೆಯಲು ವಿದೇಶಿ ವಿನಿಮಯ ನಿಯಮಗಳು ಬಿಡುವುದಿಲ್ಲ. ವಾರಸುದಾರಿಕೆಯ ಮಾತು ಬೇರೆ. ವೀಸಾ ಪುರಾವೆಗೆಂದು ಮಾಡಿದ ದಾನಪತ್ರ ಇಲ್ಲಿ ಹೊಸ ಮೊಕದ್ದಮೆಯಾದೀತು. ಜಂಟಿ ಬ್ಯಾಂಕ್ ಖಾತೆಯೊಂದು ಆ ಕೆಲಸವನ್ನು ಸುಲಭವಾಗಿ ಮಾಡುತ್ತದೆ.

ಸಂದರ್ಶನಕ್ಕೆ ಉತ್ತರಗಳನ್ನು ಬಾಯಿಪಾಠ ಮಾಡಿಸಬಾರದು. ಮಾವನ ತೋಟದಲ್ಲಿ ಎಷ್ಟು ಮರ ಎಂದು ಸೊಸೆಗೆ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದರೆ ನಷ್ಟವಿಲ್ಲ. ಗಂಡನ ಕೆಲಸ, ಸಂಬಳ, ಜೊತೆಯಲ್ಲಿ ಯಾರಿದ್ದಾರೆ, ಹಿಂದೆ ಮದುವೆಯಾಗಿತ್ತೇ ಎಂಬುದು ಗೊತ್ತಿರಲೇಬೇಕು. ಇವು ವೀಸಾಕ್ಕಿಂತ ಮೊದಲು, ಲಗ್ನ ಒಪ್ಪುವ ಮುಂಚೆಯೇ ಹುಡುಗಿಯ ಮನೆಯವರು ದಾಖಲೆ ಸಹಿತ ಕೇಳಬೇಕಾದ ಪ್ರಶ್ನೆಗಳು. ಹುಡುಗನ ಪಾಸ್‌ಪೋರ್ಟ್, ವಾಸದ ಪರವಾನಗಿ, ಹಿಂದಿನ ವಿಚ್ಛೇದನದ ಡಿಕ್ರಿ ಕೇಳಲು ಸಂಕೋಚಪಟ್ಟು ಆಮೇಲೆ ಮಗಳನ್ನು ಮನೆಯಲ್ಲಿ ಕೂರಿಸಿಕೊಂಡ ಕುಟುಂಬಗಳಿವೆ. ಹಿರಿಯರ ಪಂಚಾಯಿತಿಯಲ್ಲಿ ಬರೆದ ಬಿಡುಗಡೆ ಪತ್ರವನ್ನು ನಂಬಿ ವಿದೇಶಿ ಕಚೇರಿಗೆ ಹೋಗುವಂತಿಲ್ಲ, ಅವರು ನ್ಯಾಯಾಲಯದ ಡಿಕ್ರಿಯನ್ನೇ ಕೇಳುತ್ತಾರೆ.

ವೀಸಾ ಬಂದ ಮೇಲೂ ಪುರಾವೆಯ ಕೆಲಸ ಮುಗಿಯದು. ಅಮೆರಿಕಕ್ಕೆ ಕಾಲಿಡುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನದಲ್ಲಿ ಐ-751 ಅರ್ಜಿ ಹಾಕಿ, ಸಂಸಾರ ನಡೆಯುತ್ತಿದೆ ಎಂದು ಮತ್ತೆ ತೋರಿಸಬೇಕು. ಸುಳ್ಳು ಮದುವೆಗೆ ಅಲ್ಲಿ ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡವಿದೆ. ಕೆನಡಾದಲ್ಲಿ ಸುಳ್ಳು ಮಾಹಿತಿ ಕೊಟ್ಟವರಿಗೆ ಐದು ವರ್ಷ ಬಾಗಿಲು ಮುಚ್ಚುತ್ತದೆ.

ಇನ್ನು ಮಗನೇ ವಿದೇಶಿ ಹುಡುಗಿಯನ್ನು ಮದುವೆಯಾಗಿ ತೋಟ ನೋಡಿಕೊಳ್ಳಲು ಊರಿಗೆ ಮರಳಿದರೆ, ಪುರಾವೆ ಕೇಳುವ ಸರದಿ ಭಾರತದ್ದು. ಭಾರತೀಯ ಪ್ರಜೆಯ ವಿದೇಶಿ ಮೂಲದ ಸಂಗಾತಿಗೆ ಒಸಿಐ ಕಾರ್ಡ್ ಸಿಗಬೇಕಾದರೆ ಮದುವೆ ನೋಂದಣಿಯಾಗಿದ್ದು, ಅರ್ಜಿಗೆ ಮುಂಚೆ ಸತತ ಎರಡು ವರ್ಷ ಊರ್ಜಿತವಾಗಿರಬೇಕು. ಭದ್ರತಾ ಪರಿಶೀಲನೆಯೂ ಇದೆ. ಅಲ್ಲಿಯವರೆಗೆ ಆಕೆ ಪ್ರವೇಶ ವೀಸಾದಲ್ಲಿದ್ದು, ಬೆಂಗಳೂರಿನ ವಿದೇಶಿಯರ ನೋಂದಣಿ ಕಚೇರಿಯೊಡನೆ ವ್ಯವಹರಿಸಬೇಕು. ಮದುವೆ ಮುರಿದರೆ ಆ ಕಾರ್ಡ್ ರದ್ದಾಗಬಹುದು.