ಮನೆಯಲ್ಲಿ ಕಾವ್ಯಪಾಠ

ಸುರಪುರದ ಸೀಮೆಯಲ್ಲಿ ದೇವಪುರವೆಂಬ ಊರುಂಟು. ಜೈಮಿನಿ ಭಾರತವನ್ನು ರಚಿಸಿದ ಲಕ್ಷ್ಮೀಶನ ಊರು ಇದೇ ಎಂದು ಕೆಲವರೂ, ಕಡೂರು ಸೀಮೆಯ ದೇವನೂರೆಂದು ಕೆಲವರೂ ವಾದಿಸುವರು. ವಾದವು ಹಾಗಿರಲಿ, ನಮ್ಮ ಮಕ್ಕಳಿಗೆ ಆ ಕಾವ್ಯವೇ ತಿಳಿಯದಿದ್ದರೆ ಕವಿಯು ಯಾವ ಊರಿನವನಾದರೇನು? 1948ರ ವರೆಗೆ, ನಿಜಾಮರ ಆಳ್ವಿಕೆಯಲ್ಲಿ, ಇಲ್ಲಿ ಉರ್ದುವಿಗೇ ಅಗ್ರಸ್ಥಾನವಿದ್ದಿತು. ಕನ್ನಡ ಕಾವ್ಯವು ಬಹುಮಟ್ಟಿಗೆ ಮನೆಯ ಓದನ್ನೇ ನೆಚ್ಚಬೇಕಾಯಿತು. ಇಂದು ಕನ್ನಡ ಶಾಲೆಗಳುಂಟು; ಮನೆಯ ಓದು ವಿರಳವಾಗಿದೆ.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮದೊಂದು ಬಿನ್ನಹ. ದಿನಕ್ಕೊಂದು ಪದ್ಯವನ್ನು ಗಟ್ಟಿಯಾಗಿ ಓದಿಸಿರಿ. ಜೈಮಿನಿಯದು ವಾರ್ಧಕ ಷಟ್ಪದಿ: 1, 2, 4, 5ನೆಯ ಸಾಲುಗಳಲ್ಲಿ ಐದೈದು ಮಾತ್ರೆಯ ನಾಲ್ಕು ಗಣಗಳು, 3, 6ನೆಯವುಗಳಲ್ಲಿ ಆರು ಗಣಗಳು, ಕೊನೆಗೊಂದು ಗುರು. ಬೆರಳು ಮಡಿಸಿ ಎಣಿಸಿದರೆ ಛಂದಸ್ಸು ಮಕ್ಕಳಿಗೆ ಆಟವಾಗುವುದು. 'ಮಗುವಿನ ಮುಖವು ತಾವರೆಯಂತೆ ಅರಳಿತು' ಎಂದಾಗ ಮುಖವು ಉಪಮೇಯ, ತಾವರೆಯು ಉಪಮಾನ, 'ಅಂತೆ' ಎಂಬುದು ವಾಚಕ, ಅರಳುವಿಕೆಯು ಸಮಾನಧರ್ಮ. ಇಷ್ಟನ್ನು ಅರಿತವರಿಗೆ ಲಕ್ಷ್ಮೀಶನು 'ಉಪಮಾಲೋಲ'ನೆನಿಸಿದುದೇಕೆಂಬುದು ತಾನಾಗಿಯೇ ಹೊಳೆಯುವುದು. ಹಳಗನ್ನಡವು ತೊಡಕಾದರೆ ಪಕಾರಕ್ಕೆ ಹಕಾರವನ್ನಿಟ್ಟು ನೋಡಿರಿ: ಪಾಲ್ ಎಂಬುದು ಹಾಲಾಗುವುದು, ಪೂ ಎಂಬುದು ಹೂವಾಗುವುದು.

ಕವಿಯ ಊರನ್ನು ಪಂಡಿತರು ನಿರ್ಣಯಿಸಲಿ. ಅವನಿಗೆ ನಮ್ಮ ಮನೆಯಲ್ಲೊಂದು ಮಣೆ ಹಾಕುವುದು ನಮ್ಮ ಕೈಯಲ್ಲಿದೆ.